ಆ ಫಾರಂನಲ್ಲಿ ಟಿಕ್ ಹಾಕಲಾ ಅಂತ ಕೇಳಿದೆಯಲ್ಲ

ತಮ್ಮಾ, ಟೊರಾಂಟೊದ ಬ್ಯಾಂಕಿನಲ್ಲಿ ಕೆಲಸ ಸಿಕ್ಕಿದ್ದು ಕೇಳಿ ಖುಷಿ ಆಯಿತು. ಯಾದಗಿರಿಯಿಂದ ಹೊರಡುವ ಮೊದಲೇ ಅವರು ಒಂದು ಫಾರಂ ಕಳಿಸಿದ್ದಾರೆ, ಅದರಲ್ಲಿ 'ವಿಸಿಬಲ್ ಮೈನಾರಿಟಿ', ಅಂದರೆ ಬಿಳಿಯರಲ್ಲದ ಅಲ್ಪಸಂಖ್ಯಾತ, ಅಂತ ಟಿಕ್ ಹಾಕಿದರೆ ಕೋಟಾದಲ್ಲಿ ಬಂದವನು ಅಂತಾರಾ ಎಂದು ಕೇಳಿದ್ದೀಯ. ಚಳಿಯ ಜಾಕೆಟ್, ಬಾಡಿಗೆ ಮನೆ ವಿಷಯ ಫೋನಿನಲ್ಲಿ ಮಾತಾಡೋಣ. ಇದಕ್ಕೆ ಮಾತ್ರ ಬರೆದೇ ಹೇಳುತ್ತೇನೆ.

ಹಾಕು. ಕಡ್ಡಾಯವೇನಲ್ಲ, ಆದರೂ ಹಾಕು. ಇಲ್ಲಿ ಕೆನಡಾದಲ್ಲಿ 1986ರಿಂದ ಎಂಪ್ಲಾಯ್‌ಮೆಂಟ್ ಈಕ್ವಿಟಿ ಆಕ್ಟ್ (ಉದ್ಯೋಗದಲ್ಲಿ ಸಮಾನತೆ) ಅಂತ ಕಾನೂನಿದೆ. 1995ರಲ್ಲಿ ಅದನ್ನು ಹೊಸದಾಗಿ ಮಾಡಿದರು. ನೂರು ಜನಕ್ಕಿಂತ ಕಮ್ಮಿ ಇಲ್ಲದ ಬ್ಯಾಂಕು, ವಿಮಾನ, ಟೆಲಿಕಾಂ ಕಂಪನಿಗಳೆಲ್ಲ ಇದಕ್ಕೆ ಸೇರುತ್ತವೆ. ಹೆಂಗಸರು, ಮೂಲನಿವಾಸಿಗಳು, ಅಂಗವಿಕಲರು, ನಮ್ಮಂಥ ಬಿಳಿಯರಲ್ಲದವರು ಯಾವ ಮಟ್ಟದಲ್ಲಿ ಎಷ್ಟಿದ್ದಾರೆ, ಸಂಬಳ ಎಷ್ಟು ಅಂತ ಅವರು ವರ್ಷ ವರ್ಷ ಲೆಕ್ಕ ಕೊಡಬೇಕು. ಕಮ್ಮಿ ಇದ್ದರೆ ಅಡ್ಡ ಬರುತ್ತಿರುವ ನಿಯಮ ಯಾವುದು ಅಂತ ಹುಡುಕಿ ತೆಗೆಯಬೇಕು. ನೀನು ಬರೆದದ್ದು ಗೋಪ್ಯವಾಗಿರುತ್ತದೆ.

ಕೋಟಾ ಭಯ ಬೇಡ. ಕಲ್ಯಾಣ ಕರ್ನಾಟಕದವರಿಗೆ ಉದ್ಯೋಗ ಮೀಸಲಿಡುವ ನಮ್ಮ ಸಂವಿಧಾನದ 371(ಜೆ) ವಿಧಿಯಲ್ಲಿ ಶೇಕಡಾ ಲೆಕ್ಕ ಇದೆ. ಸ್ಥಳೀಯ ವೃಂದದಲ್ಲಿ ಸಿ ದರ್ಜೆಗೆ 80, ಡಿ ದರ್ಜೆಗೆ 85. ಇಲ್ಲಿ ಕೋಟಾ ಹೇರುವಂತಿಲ್ಲ ಅಂತ ಕೆನಡಾದ ಆ ಕಾನೂನೇ ಹೇಳುತ್ತದೆ. ದಾರಿ ಬೇರೆ, ಯೋಚನೆ ಒಂದೇ. ಬೆಂಗಳೂರಿನವರಿಗೂ ಕಲಬುರಗಿಯವರಿಗೂ ಒಂದೇ ಪರೀಕ್ಷೆ ಇಟ್ಟರೆ ಸಮಾನತೆ ಆಯಿತಲ್ಲ ಅನ್ನುವವರನ್ನು ನೀನೂ ನೋಡಿರುತ್ತೀಯ. ಪ್ರಾದೇಶಿಕ ಅಸಮಾನತೆ ಅಳೆಯಲು ಕರ್ನಾಟಕ ಸರ್ಕಾರ ನೇಮಿಸಿದ್ದ ನಂಜುಂಡಪ್ಪ ಸಮಿತಿ 2002ರಲ್ಲಿ ತಾಲ್ಲೂಕುವಾರು ಲೆಕ್ಕ ಕೊಟ್ಟಿತು. ಅತ್ಯಂತ ಹಿಂದುಳಿದ 39 ತಾಲ್ಲೂಕುಗಳಲ್ಲಿ ಅರ್ಧಕ್ಕಿಂತ ಜಾಸ್ತಿ ನಮ್ಮ ಕಲಬುರಗಿ ವಿಭಾಗದವೇ. ಶಾಲೆ, ರಸ್ತೆ, ದವಾಖಾನೆ ಒಂದೇ ಥರ ಇಲ್ಲದ ಮೇಲೆ ಪರೀಕ್ಷೆ ಒಂದೇ ಇದ್ದರೆ ಯಾರು ಗೆಲ್ಲುತ್ತಾರೆ ಅಂತ ಬೇರೆ ಹೇಳಬೇಕಾ?

ಒಳಗೆ ಬಂದ ಮೇಲೂ ಇದೇ ಪ್ರಶ್ನೆ ಇರುತ್ತದೆ. ಕಂಪನಿಯ ಫೋಟೋದಲ್ಲಿ ಎಲ್ಲ ಬಣ್ಣದವರೂ ನಗುತ್ತಿರುತ್ತಾರೆ. ನೀನು ಮೇಲಿನ ಕುರ್ಚಿಗಳನ್ನು ನೋಡು. ನಾನಿದ್ದ ಒಂದು ಆಫೀಸಿನಲ್ಲಿ ಮೀಟಿಂಗಿನಲ್ಲಿ ಥಟ್ಟನೆ ಮಾತಾಡಿದವರಿಗೇ ಒಳ್ಳೆಯ ಪ್ರಾಜೆಕ್ಟ್ ಹೋಗುತ್ತಿತ್ತು. ಕನ್ನಡ ಮೀಡಿಯಂನಲ್ಲಿ ಓದಿದ ನನಗೆ ವಾಕ್ಯ ಜೋಡಿಸುವಷ್ಟರಲ್ಲಿ ವಿಷಯ ಮುಗಿದಿರುತ್ತಿತ್ತು. ನಂತರ ಬಂದ ಟೀಮ್ ಲೀಡ್ ಹಿಂದಿನ ದಿನವೇ ವಿಷಯಪಟ್ಟಿ ಕಳಿಸತೊಡಗಿದರು. ಬರೆದು ಕೊಟ್ಟರೂ ಸರಿ ಅಂದರು. ಅಷ್ಟೇ. ಚೀನಾದವಳೂ, ತೊದಲುತ್ತಿದ್ದ ಒಬ್ಬ ಬಿಳಿಯನೂ ಮಾತಾಡತೊಡಗಿದರು. ದೀಪಾವಳಿಗೆ ಸಮೋಸಾ ತರಿಸುವುದಕ್ಕಿಂತ ಇದು ಎಷ್ಟೋ ಮೇಲು. (ಆ ಸಮೋಸಾ ಚೆನ್ನಾಗಿಯೂ ಇರುವುದಿಲ್ಲ.)

ಅದಕ್ಕೇ ಸೇರಿದ ಮೇಲೆ ಬಡ್ತಿ ಯಾವ ಆಧಾರದ ಮೇಲೆ ಅಂತ ಮ್ಯಾನೇಜರ್ ಹತ್ತಿರ ಬರಹದಲ್ಲಿ ಕೇಳು. ಅಂಗವಿಕಲತೆ, ಧರ್ಮ, ಮನೆಯವರ ಆರೈಕೆಯ ಕಾರಣಕ್ಕೆ ಕೆಲಸದ ರೀತಿ ಬದಲಿಸಬೇಕಾದರೆ, ಮಿತಿಮೀರಿದ ತೊಂದರೆ ಆಗದ ಹೊರತು ಅವರು ಹೊಂದಿಸಿಕೊಡಲೇಬೇಕು. ನಿನ್ನ ಜೊತೆ ಬರುವ ಬೀದರಿನ ಗೆಳೆಯನಿಗೂ ಹೇಳು, ರಂಜಾನ್ ತಿಂಗಳಲ್ಲಿ ಇಫ್ತಾರ್ ಹೊತ್ತಿಗೆ ಬಿಡುವು ಕೇಳಲು ಸಂಕೋಚಪಡಬೇಡ ಅಂತ.

ಇನ್ನೊಂದು. ನಮ್ಮವರೇ ನಾಲ್ಕು ಜನ ಸೇರಿದಾಗ 'ನೀವು ಯಾವ ಪೈಕಿ' ಅಂತ ಶುರುವಾಗುತ್ತದೆ. ಇಲ್ಲಿಗೆ ಬಂದರೂ ಅದು ಹೋಗಿಲ್ಲ. ಜಾತಿ ತಾರತಮ್ಯವೂ ಪ್ರಾಂತ್ಯದ ಮಾನವ ಹಕ್ಕು ಕಾನೂನಿಗೆ ಒಳಪಡುತ್ತದೆ ಅಂತ, ಟೊರಾಂಟೊ ಇರುವ ಒಂಟಾರಿಯೊ ಪ್ರಾಂತ್ಯದ ಮಾನವ ಹಕ್ಕುಗಳ ಆಯೋಗ 2023ರಲ್ಲಿ ಸ್ಪಷ್ಟಪಡಿಸಿದೆ. ಬಿಳಿಯರಿಂದ ನ್ಯಾಯ ಕೇಳುವ ನಾವು ಇದರಲ್ಲಿ ಸುಮ್ಮನಿದ್ದರೆ ನನಗಂತೂ ನಾಚಿಕೆ ಅನಿಸುತ್ತದೆ.

ನಿನ್ನ ಹೆಂಡತಿ ಆಮೇಲೆ ಬಂದು ಕೆಲಸ ಹುಡುಕುತ್ತಾಳೆ ಅಂದೆಯಲ್ಲ. 2026ರ ಜನವರಿ 1ರಿಂದ ಒಂಟಾರಿಯೊದಲ್ಲಿ 25 ಜನಕ್ಕಿಂತ ಕಮ್ಮಿ ಇಲ್ಲದ ಕಂಪನಿಗಳು ಜಾಹೀರಾತಿನಲ್ಲಿ 'ಕೆನಡಾದ ಅನುಭವ ಬೇಕು' ಅಂತ ಹಾಕುವಂತಿಲ್ಲ. ಶಹಾಪುರದ ಶಾಲೆಯಲ್ಲಿ ಪಾಠ ಮಾಡಿದ್ದನ್ನು ರೆಸ್ಯೂಮೆಯಿಂದ ತೆಗೆಯುವುದು ಬೇಡ ಅನ್ನು.