ಜನ ಹೇಳುವುದು, ಜನ ಮಾಡುವುದು

ಪ್ರಶ್ನೆ: ನಾನು ರಸಾಯನಶಾಸ್ತ್ರ ಓದಿದವನು. ಒಂದು ದ್ರಾವಣವನ್ನು ನೂರು ಸಲ ಕಾಯಿಸಿದರೂ ಅದು ನೂರು ಸಲವೂ ಒಂದೇ ರೀತಿ ವರ್ತಿಸುತ್ತದೆ. ಮನುಷ್ಯ ಹಾಗಲ್ಲ, ಯಾರೋ ನೋಡುತ್ತಿದ್ದಾರೆಂದು ಗೊತ್ತಾದರೆ ನಡತೆ ಬದಲಿಸುತ್ತಾನೆ, ಕೇಳಿದರೆ ತನಗೆ ಶೋಭೆ ತರುವ ಉತ್ತರ ಕೊಡುತ್ತಾನೆ. ಹೀಗಿರುವಾಗ ಸಮಾಜಶಾಸ್ತ್ರಜ್ಞರು ಸಂಶೋಧನೆ ನಡೆಸುವುದಾದರೂ ಹೇಗೆ? ಸಾವಿರ ಜನರನ್ನು ಕೇಳಿ ಕೋಟಿ ಜನರ ಬಗ್ಗೆ ಮಾತನಾಡುವುದು ಎಷ್ಟು ಸರಿ?

ಉತ್ತರ: ನಿಮ್ಮ ಸಂಶಯ ಸಮಾಜಶಾಸ್ತ್ರಜ್ಞರಿಗೆ ಹೊಸದಲ್ಲ. ಅವರ ವಿಧಾನಗಳಲ್ಲಿ ಹಲವು ರೂಪುಗೊಂಡಿರುವುದೇ ಈ ಸಂಶಯವನ್ನು ಎದುರಿಸುವ ಪ್ರಯತ್ನದಲ್ಲಿ.

1930ರ ದಶಕದ ಆರಂಭದಲ್ಲಿ ರಿಚರ್ಡ್ ಲಾಪಿಯರ್ ಎಂಬ ಸಮಾಜಶಾಸ್ತ್ರಜ್ಞರು ಚೀನೀ ದಂಪತಿಯೊಂದಿಗೆ ಅಮೆರಿಕದ ಉದ್ದಗಲಕ್ಕೂ ಕಾರಿನಲ್ಲಿ ಸಂಚರಿಸಿದರು. ಚೀನೀಯರ ಬಗ್ಗೆ ಅಲ್ಲಿ ಬಲವಾದ ಪೂರ್ವಗ್ರಹವಿದ್ದ ಕಾಲವದು. ಆದರೂ ಅವರು ಹೋದ 251 ವಸತಿಗೃಹ ಮತ್ತು ಊಟದ ಮನೆಗಳ ಪೈಕಿ ಒಂದರಲ್ಲಿ ಮಾತ್ರ ಪ್ರವೇಶ ನಿರಾಕರಿಸಲಾಯಿತು. ಆರು ತಿಂಗಳ ನಂತರ ಅದೇ ಮಾಲೀಕರಿಗೆ ಪತ್ರ ಬರೆದು, ಚೀನೀ ಅತಿಥಿಗಳನ್ನು ಸೇರಿಸಿಕೊಳ್ಳುತ್ತೀರಾ ಎಂದು ಕೇಳಿದಾಗ, ಉತ್ತರಿಸಿದ 128 ಮಂದಿಯಲ್ಲಿ ಶೇ. 90ಕ್ಕೂ ಹೆಚ್ಚು ಜನ ‘ಇಲ್ಲ’ ಎಂದರು. 1934ರಲ್ಲಿ ಪ್ರಕಟವಾದ ಈ ಅಧ್ಯಯನದಲ್ಲಿ ಲೋಪಗಳಿಲ್ಲವೆಂದಲ್ಲ. ಬಾಗಿಲಲ್ಲಿ ಸ್ವಾಗತಿಸಿದವರೇ ಪತ್ರಕ್ಕೆ ಉತ್ತರ ಬರೆದರೆಂಬ ಖಾತರಿಯಿಲ್ಲ. ಜೊತೆಯಲ್ಲಿ ಬಿಳಿಯ ಪ್ರಾಧ್ಯಾಪಕರೊಬ್ಬರು ಇದ್ದುದರ ಪ್ರಭಾವವನ್ನೂ ತಳ್ಳಿಹಾಕಲಾಗದು. ಆದರೂ ಜನ ಹೇಳುವುದನ್ನೇ ಜನ ಮಾಡುವುದೆಂದು ಎಣಿಸಬಾರದೆಂಬ ಎಚ್ಚರವನ್ನು ಅದು ಶಾಸ್ತ್ರಕ್ಕೆ ಕಲಿಸಿತು. ಇಲ್ಲಿ ಮಾತು ಕೆಟ್ಟದ್ದು, ನಡತೆ ಒಳ್ಳೆಯದು ಎಂಬುದನ್ನೂ ಗಮನಿಸಿ. ಅಂತರ ಯಾವಾಗಲೂ ನಾವು ನಿರೀಕ್ಷಿಸಿದ ದಿಕ್ಕಿನಲ್ಲೇ ಇರುವುದಿಲ್ಲ.

ಸಂಶೋಧನೆ ಶುರುವಾಗುವುದು ಪ್ರಶ್ನೆಯನ್ನು ಅಳೆಯಬಲ್ಲ ರೂಪಕ್ಕೆ ಇಳಿಸುವುದರಿಂದ. ‘ಜನ ಹೆಚ್ಚು ಒಂಟಿಯಾಗುತ್ತಿದ್ದಾರೆಯೇ?’ ಎಂಬುದು ಚರ್ಚೆಯ ವಿಷಯವಾಗಬಲ್ಲದು, ಸಂಶೋಧನೆಯ ಪ್ರಶ್ನೆಯಾಗಲಾರದು. ‘ಕಳೆದ ಏಳು ದಿನಗಳಲ್ಲಿ ಮನೆಯವರಲ್ಲದವರೊಂದಿಗೆ ಹತ್ತು ನಿಮಿಷಕ್ಕಿಂತ ಹೆಚ್ಚು ಮಾತನಾಡಿದ ದಿನಗಳೆಷ್ಟು?’ ಎಂದು ಕೇಳಿದರೆ ಎಣಿಸಬಹುದು, ಹೋಲಿಸಬಹುದು. ಹೀಗೆ ಇಳಿಸುವಾಗ ಒಂಟಿತನದ ಒಂದಷ್ಟು ಅರ್ಥ ಸೋರಿಹೋಗುವುದು ನಿಜ. ಏನು ಸೋರಿತೆಂಬುದನ್ನು ಮುಚ್ಚಿಡದೆ ಬರೆಯುವುದೇ ಸಂಶೋಧಕರ ಪ್ರಾಮಾಣಿಕತೆ ಎಂದು ನಾನು ತಿಳಿದಿದ್ದೇನೆ.

ಇನ್ನು ಸಾವಿರ ಜನರ ವಿಷಯ. ಸಮೀಕ್ಷೆಯಲ್ಲಿ ಮುಖ್ಯವಾದದ್ದು ಎಷ್ಟು ಜನರನ್ನು ಕೇಳಿದಿರಿ ಎಂಬುದಕ್ಕಿಂತ ಅವರನ್ನು ಹೇಗೆ ಆರಿಸಿದಿರಿ ಎಂಬುದು. 1936ರ ಅಮೆರಿಕದ ಅಧ್ಯಕ್ಷೀಯ ಚುನಾವಣೆಗೆ ಮುನ್ನ ‘ಲಿಟರರಿ ಡೈಜೆಸ್ಟ್’ ಪತ್ರಿಕೆ ಸುಮಾರು 1 ಕೋಟಿ ಜನರಿಗೆ ಚೀಟಿ ಕಳುಹಿಸಿ, ಮರಳಿ ಬಂದ 20 ಲಕ್ಷಕ್ಕೂ ಹೆಚ್ಚು ಉತ್ತರಗಳ ಬಲದಿಂದ ಲ್ಯಾಂಡನ್ ಗೆಲ್ಲುತ್ತಾರೆಂದು ಸಾರಿತು. ಗೆದ್ದವರು ರೂಸ್ವೆಲ್ಟ್, ಅದೂ 48 ರಾಜ್ಯಗಳಲ್ಲಿ 46ನ್ನು ತಮ್ಮದಾಗಿಸಿಕೊಂಡು. ಪತ್ರಿಕೆ ವಿಳಾಸಗಳನ್ನು ಹೆಕ್ಕಿದ್ದು ಮುಖ್ಯವಾಗಿ ದೂರವಾಣಿ ಮತ್ತು ಕಾರು ಹೊಂದಿದವರ ಪಟ್ಟಿಗಳಿಂದ. ಆರ್ಥಿಕ ಕುಸಿತದ ಆ ವರ್ಷಗಳಲ್ಲಿ ಅವೆರಡೂ ಉಳ್ಳವರ ಸೊತ್ತು. ಸಾಲದ್ದಕ್ಕೆ, ಚೀಟಿ ತುಂಬಿ ಕಳುಹಿಸುವ ಉತ್ಸಾಹ ರೂಸ್ವೆಲ್ಟ್ ವಿರೋಧಿಗಳಲ್ಲೇ ಹೆಚ್ಚಿತ್ತು. ಸುಮಾರು 50,000 ಜನರನ್ನಷ್ಟೇ ಕೇಳಿದ್ದ ಜಾರ್ಜ್ ಗ್ಯಾಲಪ್ ಅವರು ಗೆಲ್ಲುವವರನ್ನು ಸರಿಯಾಗಿಯೇ ಹೇಳಿದ್ದರು. ಸಮುದಾಯದ ಪ್ರತಿಯೊಬ್ಬರಿಗೂ ಆಯ್ಕೆಯಾಗುವ ಅವಕಾಶ ಸಮಾನವಾಗಿದ್ದು, ಲಾಟರಿ ಎತ್ತಿದಂತೆ ಯಾದೃಚ್ಛಿಕವಾಗಿ ಆರಿಸಿದರೆ, ಸಾವಿರ ಜನರ ಮಾದರಿಯಲ್ಲಿ ಹೆಚ್ಚು ಕಡಿಮೆಯಾಗಬಹುದಾದ ಪ್ರಮಾಣ ಸುಮಾರು ಮೂರು ಶೇಕಡಾಂಶ. ನೂರು ಸಲ ಹಾಗೆ ಆರಿಸಿದರೆ ಸುಮಾರು ತೊಂಬತ್ತೈದು ಸಲ ಈ ಮಿತಿಯೊಳಗೇ ಉತ್ತರ ಸಿಗುತ್ತದೆ. ಜನಸಂಖ್ಯೆ ಹತ್ತು ಲಕ್ಷವಿರಲಿ, ಹತ್ತು ಕೋಟಿಯಿರಲಿ, ಈ ಲೆಕ್ಕ ಹೆಚ್ಚುಕಡಿಮೆ ಹಾಗೆಯೇ ಉಳಿಯುತ್ತದೆ.

ಸುಳ್ಳಿನ ಸಮಸ್ಯೆಗೆ ಬರೋಣ. ನಾಚಿಕೆಯ ಅಥವಾ ಅಪರಾಧದ ಸಂಗತಿಯನ್ನು ಎದುರು ಕುಳಿತು ಕೇಳಿದರೆ ಅನೇಕರು ಒಪ್ಪಿಕೊಳ್ಳುವುದಿಲ್ಲ. ಇದಕ್ಕೆ 1965ರಲ್ಲಿ ಸ್ಟಾನ್ಲಿ ವಾರ್ನರ್ ಅವರು ಸೂಚಿಸಿದ ಉಪಾಯದ ಒಂದು ಸರಳ ರೂಪ ಹೀಗಿದೆ. ‘ತೆರಿಗೆ ವಂಚಿಸಿದ್ದೀರಾ?’ ಎಂದು ಕೇಳುವ ಮೊದಲು, ಸಂದರ್ಶಕರಿಗೆ ಕಾಣದಂತೆ ಒಂದು ನಾಣ್ಯ ಚಿಮ್ಮಲು ಹೇಳುತ್ತಾರೆ. ತಲೆ ಬಿದ್ದರೆ ಸತ್ಯವೇನೇ ಇರಲಿ ‘ಹೌದು’ ಎನ್ನಬೇಕು; ಬಾಲ ಬಿದ್ದರೆ ನಿಜ ಹೇಳಬೇಕು. ಸಾವಿರ ಜನರಲ್ಲಿ 600 ಮಂದಿ ‘ಹೌದು’ ಎಂದರೆನ್ನಿ. ಅವರಲ್ಲಿ ಸುಮಾರು 500 ಮಂದಿಯ ‘ಹೌದು’ ನಾಣ್ಯದ್ದು. ಉಳಿದ 100 ಮಂದಿ, ನಿಜ ಹೇಳಬೇಕಾಗಿದ್ದ ಇನ್ನುಳಿದ 500 ಜನರಿಗೆ ಸೇರಿದವರು. ಅಂದರೆ ವಂಚಿಸಿದವರ ಪ್ರಮಾಣ ಸುಮಾರು ಶೇ. 20. ಯಾವ ಒಬ್ಬ ವ್ಯಕ್ತಿಯ ಗುಟ್ಟೂ ಸಂಶೋಧಕರಿಗೆ ತಿಳಿಯುವುದಿಲ್ಲ, ಸಮುದಾಯದ ಗುಟ್ಟು ತಿಳಿಯುತ್ತದೆ. ಇಷ್ಟು ಅಚ್ಚುಕಟ್ಟಾದ ಉಪಾಯವೂ ಕೈಕೊಡುವುದುಂಟು: ತಲೆ ಬಿದ್ದರೂ ‘ಹೌದು’ ಎನ್ನಲು ನಾಲಿಗೆ ಏಳದವರು ಎಲ್ಲ ಕಡೆ ಇರುತ್ತಾರೆ.

ಕೆಲವು ಸಂಗತಿಗಳನ್ನು ಮಾತ್ರ ಕೇಳಿ ತಿಳಿಯಲಾಗದು, ಜೊತೆಗಿದ್ದೇ ತಿಳಿಯಬೇಕು. ವಿಲಿಯಂ ಫೂಟ್ ವೈಟ್ ಅವರು 1930ರ ದಶಕದ ಉತ್ತರಾರ್ಧದಲ್ಲಿ ಬಾಸ್ಟನ್ ನಗರದ ಇಟಾಲಿಯನ್ ಬಡಾವಣೆಯೊಂದರಲ್ಲಿ ವರ್ಷಗಟ್ಟಲೆ ವಾಸವಿದ್ದು, ಬೀದಿಮೂಲೆಯ ಯುವಕರ ಗುಂಪೊಂದರೊಡನೆ ಬೆರೆತರು. ಯಾರು, ಏಕೆ, ಎಲ್ಲಿ ಎಂದು ಕೇಳುತ್ತಾ ಹೋದರೆ ಜನ ಬಾಯಿ ಮುಚ್ಚಿಕೊಳ್ಳುತ್ತಾರೆ, ಸುಮ್ಮನೆ ಜೊತೆಗಿದ್ದರೆ ಉತ್ತರಗಳು ತಾವಾಗಿಯೇ ಸಿಗುತ್ತವೆ ಎಂದು ಗುಂಪಿನ ನಾಯಕನೇ ಅವರಿಗೆ ಬುದ್ಧಿ ಹೇಳಿದ್ದನಂತೆ. ಆ ಯುವಕರು ಬೌಲಿಂಗ್ ಅಂಕಣದಲ್ಲಿ ಚೆಂಡು ಉರುಳಿಸಿ ಆಡುತ್ತಿದ್ದರು. ಆಟದ ಅಂಕಗಳ ಕ್ರಮ ಗುಂಪಿನಲ್ಲಿ ಅವರವರಿಗಿದ್ದ ಸ್ಥಾನಮಾನದ ಕ್ರಮಕ್ಕೆ ಬಹುಮಟ್ಟಿಗೆ ಹೊಂದುತ್ತಿದ್ದುದನ್ನು ವೈಟ್ ಗಮನಿಸಿದರು. ಬೇರೆ ದಿನಗಳಲ್ಲಿ ಚೆನ್ನಾಗಿ ಆಡುತ್ತಿದ್ದ ಕೆಳಸ್ಥಾನದ ಯುವಕ, ಇಡೀ ಗುಂಪು ನೆರೆದಾಗ, ಗೇಲಿಯ ಮಾತುಗಳ ನಡುವೆ ಗುರಿ ತಪ್ಪುತ್ತಿದ್ದ. ‘ನಿಮ್ಮ ಗುಂಪಿನಲ್ಲಿ ಮೇಲು ಕೀಳು ಇದೆಯೇ?’ ಎಂದು ಪ್ರಶ್ನಾವಳಿ ಹಂಚಿದ್ದರೆ ಇದು ಎಂದಿಗೂ ಬೆಳಕಿಗೆ ಬರುತ್ತಿರಲಿಲ್ಲ.

ಇಂಥ ಕೆಲಸದಲ್ಲಿ ಕ್ಷೇತ್ರ ಟಿಪ್ಪಣಿಯೇ ಸಂಶೋಧಕರ ಆಸ್ತಿ. ನೋಡಿದ್ದು, ಕೇಳಿದ್ದು, ತಮಗೆ ಅನಿಸಿದ್ದು ಇವು ಮೂರನ್ನೂ ಬೇರೆಬೇರೆಯಾಗಿ ಅಂದೇ ಬರೆದಿಡಬೇಕು. ಎಂ.ಎನ್. ಶ್ರೀನಿವಾಸ್ ಅವರು 1948ರಲ್ಲಿ ಒಂದು ಹಳ್ಳಿಯಲ್ಲಿದ್ದು ಕಲೆಹಾಕಿದ ಟಿಪ್ಪಣಿಗಳ ಸಂಸ್ಕರಿಸಿದ ಪ್ರತಿಗಳೆಲ್ಲ 1970ರಲ್ಲಿ ಸ್ಟ್ಯಾನ್‌ಫರ್ಡ್‌ನ ಅಧ್ಯಯನ ಕೇಂದ್ರವೊಂದಕ್ಕೆ ಬಿದ್ದ ಬೆಂಕಿಯಲ್ಲಿ ಹಾಳಾದವು. ಅವರು ಆ ಹಳ್ಳಿಯನ್ನು ಬಹುಪಾಲು ನೆನಪಿನಿಂದಲೇ ಬರೆದರು, ಕೃತಿ 1976ರಲ್ಲಿ ಹೊರಬಂತು. ಅದು ಅಪರೂಪದ ಪ್ರತಿಭೆಯ ಮಾತಾಯಿತು. ವಿದ್ಯಾರ್ಥಿಗಳು ಅನುಸರಿಸಬಹುದಾದ ವಿಧಾನವಲ್ಲ.

ಕಾರಣವನ್ನು ಖಚಿತಪಡಿಸಿಕೊಳ್ಳಬೇಕಾದಾಗ ಪ್ರಯೋಗವೂ ಉಂಟು. ದೆವಾ ಪೇಜರ್ ಅವರು ಮಿಲ್ವಾಕಿ ನಗರದಲ್ಲಿ ನಡೆಸಿ 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ವಿದ್ಯೆ, ಅನುಭವ, ನಡೆನುಡಿಗಳಲ್ಲಿ ಒಂದೇ ತರಹ ಕಾಣುವಂತೆ ತರಬೇತಿ ಪಡೆದ ಯುವಕರು 350 ಕಡೆ ಕೆಲಸಕ್ಕೆ ಅರ್ಜಿ ಹಾಕಿದರು. ಜೈಲುವಾಸದ ದಾಖಲೆಯಿಲ್ಲದ ಬಿಳಿಯರಿಗೆ ಶೇ. 34ರಷ್ಟು ಕಡೆ ಮರುಕರೆ ಬಂದರೆ, ದಾಖಲೆಯಿರುವ ಬಿಳಿಯರಿಗೆ ಶೇ. 17, ದಾಖಲೆಯಿಲ್ಲದ ಕರಿಯರಿಗೆ ಶೇ. 14, ದಾಖಲೆಯಿರುವ ಕರಿಯರಿಗೆ ಶೇ. 5. ಆ ದಾಖಲೆ ಅಧ್ಯಯನಕ್ಕಾಗಿ ಹೇಳಿಕೊಂಡದ್ದಷ್ಟೆ; ಆದರೂ ಶಿಕ್ಷೆ ಅನುಭವಿಸಿದೆನೆಂದ ಬಿಳಿಯನಿಗೆ ಸಿಕ್ಕಷ್ಟು ಅವಕಾಶವೂ ಏನೂ ತಪ್ಪು ಮಾಡದ ಕರಿಯನಿಗೆ ಸಿಗಲಿಲ್ಲ. ಉದ್ಯೋಗದಾತರನ್ನು ನೇರವಾಗಿ ಕೇಳಿದ್ದರೆ ಬರುತ್ತಿದ್ದ ಉತ್ತರವೇನೆಂಬುದನ್ನು ಊಹಿಸುವುದು ಕಷ್ಟವಲ್ಲ.

ಪ್ರಶ್ನೆ: ಹೇಳದೆ ಕೇಳದೆ ಜನರನ್ನು ಹೀಗೆ ಪರೀಕ್ಷಿಸುವುದು ಮೋಸವಲ್ಲವೇ?

ಉತ್ತರ: ಒಂದು ಮಟ್ಟಿಗೆ ಹೌದು, ಅದಕ್ಕಾಗಿಯೇ ಕಟ್ಟುಪಾಡುಗಳಿವೆ. 1960ರ ದಶಕದಲ್ಲಿ ಲಾಡ್ ಹಂಫ್ರೀಸ್ ಎಂಬ ಸಂಶೋಧಕರು ಸಾರ್ವಜನಿಕ ಶೌಚಾಲಯಗಳಲ್ಲಿ ಪುರುಷರ ನಡುವಿನ ಲೈಂಗಿಕ ಸಂಪರ್ಕವನ್ನು ಗಮನಿಸಿ, ಅವರ ಕಾರಿನ ಸಂಖ್ಯೆಗಳಿಂದ ವಿಳಾಸ ಪತ್ತೆ ಮಾಡಿ, ಸುಮಾರು ಒಂದು ವರ್ಷದ ನಂತರ ವೇಷ ಬದಲಿಸಿಕೊಂಡು ಆರೋಗ್ಯ ಸಮೀಕ್ಷೆಯ ನೆಪದಲ್ಲಿ ಅವರ ಮನೆಗಳಿಗೇ ಹೋದರು. ಆ ಪುರುಷರಲ್ಲಿ ಅನೇಕರು ಸಂಸಾರಸ್ಥರು ಎಂಬಂಥ ತಿಳಿವಳಿಕೆ ಅದರಿಂದ ದೊರೆತದ್ದು ನಿಜವಾದರೂ, ಹೆಸರುಗಳು ಹೊರಬಿದ್ದಿದ್ದರೆ ಎಷ್ಟೋ ಬಾಳು ಹಾಳಾಗುತ್ತಿದ್ದವು. ಅದು ಮಾಡಬಾರದ ಕೆಲಸವಾಗಿತ್ತೆಂಬುದೇ ನನ್ನ ಅಭಿಪ್ರಾಯ. ವೈದ್ಯಕೀಯದಲ್ಲಂತೂ ಇದಕ್ಕಿಂತ ಘೋರವಾದದ್ದು ನಡೆದಿತ್ತು: ಅಮೆರಿಕದ ಟಸ್ಕೀಗಿಯಲ್ಲಿ 1932ರಿಂದ 1972ರವರೆಗೆ ಸಿಫಿಲಿಸ್ ಪೀಡಿತ ಕರಿಯ ಪುರುಷರನ್ನು ಚಿಕಿತ್ಸೆ ಕೊಡದೆ ಗಮನಿಸಲಾಯಿತು. ಅದು ಬಯಲಾದ ಮೇಲೆ ಅಲ್ಲಿ ಇಂಥ ಸಂಶೋಧನೆಗೆ ಕಡಿವಾಣ ಹಾಕುವ ಕಾನೂನು 1974ರಲ್ಲಿ ಬಂತು, ಮನುಷ್ಯರ ಮೇಲಿನ ಸಂಶೋಧನೆಗೆ ನೀತಿ ತತ್ವಗಳನ್ನು ಹೇಳುವ ಬೆಲ್ಮಾಂಟ್ ವರದಿ 1979ರಲ್ಲಿ ಬಂತು. ಈಗ ಸಂಶೋಧನೆಗೆ ಮೊದಲು ನೀತಿ ಸಮಿತಿಯ ಒಪ್ಪಿಗೆ ಪಡೆಯುವುದು, ವಿಷಯ ತಿಳಿಸಿ ಸಮ್ಮತಿ ಕೇಳುವುದು, ನಡುವೆ ಹಿಂದೆ ಸರಿಯುವ ಸ್ವಾತಂತ್ರ್ಯ ಕೊಡುವುದು, ಗುರುತು ಮರೆಮಾಡುವುದು ಸಾಮಾನ್ಯ ನಿಯಮ. ಮರೆಯ ಪರೀಕ್ಷೆಗೆ ಅನುಮತಿ ಸಿಗುವುದು ಬೇರೆ ದಾರಿ ಇಲ್ಲದಿದ್ದಾಗ, ಹಾನಿ ಅತ್ಯಲ್ಪವಾಗಿದ್ದಾಗ.

ಪ್ರಶ್ನೆ: ಪತ್ರಿಕೆಗಳಲ್ಲಿ ದಿನಕ್ಕೊಂದು ಸಮೀಕ್ಷೆ ಬರುತ್ತದೆ. ನಂಬುವುದು ಯಾವುದನ್ನು?

ಉತ್ತರ: ಜನರನ್ನು ಆರಿಸಿದ್ದು ಹೇಗೆ, ಉತ್ತರಿಸಲು ಒಪ್ಪದವರೆಷ್ಟು, ಹಣ ಕೊಟ್ಟವರು ಯಾರು ಎಂಬುದನ್ನು ಮೊದಲು ಹುಡುಕಿ. ನಂತರ ಪ್ರಶ್ನೆಯ ಮಾತುಗಳನ್ನು ಓದಿ. ಪ್ರಜಾಪ್ರಭುತ್ವದ ವಿರುದ್ಧ ಭಾಷಣ ಮಾಡುವುದನ್ನು ‘ನಿಷೇಧಿಸಬೇಕೇ’ ಎಂದು ಕೆಲವರನ್ನೂ ‘ಅದಕ್ಕೆ ಅವಕಾಶ ಕೊಡಬೇಕೇ’ ಎಂದು ಬೇರೆ ಕೆಲವರನ್ನೂ ಕೇಳಿದ ಪರೀಕ್ಷೆಯೊಂದರ ಫಲಿತಾಂಶವನ್ನು 1941ರಲ್ಲಿ ಡೊನಾಲ್ಡ್ ರಗ್ ಪ್ರಕಟಿಸಿದರು. ನಿಷೇಧಿಸಬೇಕು ಎಂದವರಿಗಿಂತ ಅವಕಾಶ ಕೊಡಬಾರದು ಎಂದವರು ಗಣನೀಯವಾಗಿ ಹೆಚ್ಚಿದ್ದರು. ತರ್ಕದಲ್ಲಿ ಎರಡೂ ಒಂದೇ. ಕಿವಿಗೆ ಮಾತ್ರ ‘ನಿಷೇಧ’ ಕಠೋರ. ಆದ್ದರಿಂದ ಪ್ರಶ್ನೆಯ ಪೂರ್ಣ ಪಾಠವನ್ನು ಕೊಡದ ಸಮೀಕ್ಷೆಯ ವರದಿಯನ್ನು ನಾನು ಶೀರ್ಷಿಕೆಯ ಆಚೆಗೆ ಓದುವುದಿಲ್ಲ.