ಮನಸ್ಸಿನಲ್ಲಿ ನಂಬಿಕೆ ಅಲುಗಾಡುತ್ತಿರುವಾಗ ಸಭೆಯಲ್ಲಿ ಹಾಡು ನಡೆಸಬಹುದೇ?

ನೀವು ಕೇಳಿರುವುದು ಇಷ್ಟು. ಭಾನುವಾರದ ಹಾಡುಗಳನ್ನು ನಡೆಸಿಕೊಡಿ ಎಂದು ನಿಮ್ಮ ಚರ್ಚಿನ ಸಭೆಯವರು ಕೇಳಿದ್ದಾರೆ. ಆದರೆ ಅಪ್ಪ ತೀರಿಹೋದ ಮೇಲೆ ನಿಮಗೆ ಪ್ರಾರ್ಥನೆಗೆ ಕೂರಲೂ ಮನಸ್ಸಾಗುತ್ತಿಲ್ಲ. ಹಾಗಿರುವಾಗ ಮೈಕ್ ಹಿಡಿದು ಹಲ್ಲೆಲೂಯಾ ಎನ್ನುವುದು ನಾಟಕ ಅಲ್ವಾ? ಜೊತೆಗೆ ಇನ್ನೊಂದು: ಹಳೇ ಹಾಡು ಆರಿಸಬೇಕೋ, ಹೊಸದೋ?

ನಾನು ಬೆಂಗಳೂರಿನ ಒಂದು ಕನ್ನಡ ಸಭೆಯಲ್ಲಿ ತುಂಬ ಕಾಲದಿಂದ ಹಾಡು ನಡೆಸುತ್ತಿದ್ದೇನೆ. ಬೆಳೆದದ್ದು ಮಂಗಳೂರಿನ ಕಡೆ, ಸ್ವಿಟ್ಜರ್ಲೆಂಡಿನಿಂದ ಬಂದ ಬಾಸೆಲ್ ಮಿಶನ್ ಎಂಬ ಕ್ರೈಸ್ತ ಸಂಸ್ಥೆಯ ಕಾಲದಿಂದ ಬಂದ ಮನೆತನದಲ್ಲಿ. ಅಪ್ಪನ ವಿಷಯ ಓದಿ ಬೇಸರವಾಯಿತು. ನಿಮ್ಮ ಮನೆಯವರಿಗೆಲ್ಲ ಕರ್ತನು ಸಮಾಧಾನ ಕೊಡಲಿ.

ನಾಟಕ ಅಲ್ಲ ಅನ್ನುವುದು ನನ್ನ ಉತ್ತರ. ಒಳಗೆ ಇಲ್ಲದ ಸಂತೋಷವನ್ನು ಮುಖದ ಮೇಲೆ ತಂದುಕೊಂಡರೆ ಅದು ನಾಟಕ. ಅದನ್ನು ಯಾರೂ ನಿಮ್ಮಿಂದ ಕೇಳಬಾರದು. ಆದರೆ ಹಾಡು ನಡೆಸುವವರ ಕೆಲಸವೇ ಬೇರೆ. ಸಭೆ ಬಾಯಿಬಿಟ್ಟು ಹಾಡುವಂತೆ ಮಾಡುವುದು, ಅಷ್ಟೇ. ನಿಮ್ಮ ಮನಸ್ಸಿನ ಸ್ಥಿತಿ ಹೇಗಿದೆ ಅಂತ ಅಲ್ಲಿ ಯಾರೂ ನೋಡಲು ಬಂದಿರುವುದಿಲ್ಲ.

ಸತ್ಯವೇದದ, ಅಂದರೆ ಬೈಬಲಿನ, ಮತ್ತಾಯ 26ನೇ ಅಧ್ಯಾಯ ತೆಗೆದು ನೋಡಿ. ಯೇಸುವೂ ಶಿಷ್ಯರೂ ಯೆಹೂದ್ಯರ ಪಸ್ಕ ಹಬ್ಬದ ಊಟ ಮುಗಿಸಿ, ಕೀರ್ತನೆ ಹಾಡಿ, ಎಣ್ಣೇಮರಗಳ ಗುಡ್ಡಕ್ಕೆ ಹೊರಟರು ಅಂತ ಇದೆ. 30ನೇ ವಚನ. ನಾವೆಲ್ಲ ಸುಮ್ನೆ ಓದಿಕೊಂಡು ಮುಂದೆ ಹೋಗುವ ಸಾಲು ಅದು. ಪಸ್ಕದ ರಾತ್ರಿ ಸತ್ಯವೇದದ ಕೀರ್ತನೆಗಳ ಪುಸ್ತಕದಿಂದ 113ರಿಂದ 118ರ ತನಕದ ಕೀರ್ತನೆಗಳನ್ನು ಹಾಡುವುದು ಯೆಹೂದ್ಯರ ರೂಢಿ. ಯೇಸುವೂ ಶಿಷ್ಯರೂ ಆ ರಾತ್ರಿ ಹಾಡಿದ್ದು ಅವನ್ನೇ ಇರಬೇಕು. ಇದು ಯೆಹೋವನು ನೇಮಿಸಿದ ದಿನ, ಇದರಲ್ಲಿ ಆನಂದಿಸೋಣ ಅನ್ನುವ ಮಾತು ಬರುವುದು ಆ 118ರಲ್ಲೇ. ಅದಾಗಿ ಸ್ವಲ್ಪ ಹೊತ್ತಿಗೆ ಗೆತ್ಸೇಮನೆ ತೋಟದಲ್ಲಿ, ಪ್ರಾಣ ಹೋಗುವಷ್ಟು ದುಃಖವಾಗಿದೆ ಎಂದು ಅದೇ ಯೇಸು ಶಿಷ್ಯರ ಹತ್ತಿರ ಹೇಳುತ್ತಾನೆ. ಅಂಥ ಮನಸ್ಸಿಟ್ಟುಕೊಂಡೇ ಹಾಡಿದ್ದು. ಹಾಗಾದರೆ ಅದು ನಾಟಕವಾ?

ಇಂಗ್ಲಿಷ್ ಹಾಡುಗಳ ಚರಿತ್ರೆಯಲ್ಲಿ ವಿಲಿಯಂ ಕೂಪರ್ ಅಂತ ಒಬ್ಬ ಕವಿ ಇದ್ದ. ಇಂಗ್ಲೆಂಡಿನ ಓಲ್ನಿ ಊರಿನಲ್ಲಿ, ಅಲ್ಲಿನ ಪಾದ್ರಿ ಜಾನ್ ನ್ಯೂಟನ್ ಜೊತೆ ಸೇರಿ ಹಾಡು ಬರೆಯುತ್ತಿದ್ದ. 1779ರಲ್ಲಿ ಅಚ್ಚಾದ ಅವರ ಪುಸ್ತಕದಲ್ಲಿ ಕೂಪರನವು 60ಕ್ಕೂ ಹೆಚ್ಚು ಹಾಡುಗಳಿವೆ. ಆದರೆ ಅಷ್ಟರಲ್ಲಾಗಲೇ, 1773ರಲ್ಲಿ, ಅವನ ಮನಸ್ಸು ಪೂರ್ತಿ ಕುಸಿದಿತ್ತು. ದೇವರು ತನ್ನನ್ನು ತಳ್ಳಿಬಿಟ್ಟಿದ್ದಾನೆ ಎಂದು ನಂಬಿಕೊಂಡ. 1800ರಲ್ಲಿ ಸಾಯುವ ತನಕವೂ ಆ ಭಾರ ಇಳಿಯಲಿಲ್ಲ. ಅವನ ಹಾಡುಗಳನ್ನು ಜನ ಇವತ್ತಿಗೂ ಹಾಡುತ್ತಾರೆ. ಬರೆದವನಿಗೇ ಸಿಗದ ಧೈರ್ಯ ಹಾಡಿದವರಿಗೆ ಸಿಕ್ಕಿತು. ಇದನ್ನು ನೆನೆದಾಗ ನನಗೆ ಒಂದು ಕಡೆ ಸಂಕಟ, ಇನ್ನೊಂದು ಕಡೆ ನಿರಾಳ. ಹಾಡಿನ ಬಲ ಹಾಡುವವನ ಆ ಹೊತ್ತಿನ ಭಾವನೆಯ ಮೇಲೆ ನಿಂತಿಲ್ಲ ಅನ್ನುವುದಂತೂ ಗೊತ್ತಾಗುತ್ತದೆ.

ಇನ್ನು ನೀವು ಹಾಡಲೇಬೇಕಾದದ್ದು ಬರೀ ಹಲ್ಲೆಲೂಯಾ ಅಂತ ಯಾರು ಹೇಳಿದ್ದು? ಸತ್ಯವೇದದಲ್ಲಿ ಕೀರ್ತನೆಗಳು 150. ಅದರಲ್ಲಿ ಅಳುವ, ದೂರುವ, ಜಗಳವಾಡುವ ಕೀರ್ತನೆಗಳೇ ರಾಶಿ ಇವೆ. 13ನೆಯದು, ಇನ್ನೂ ಎಷ್ಟು ದಿನ ನನ್ನನ್ನು ಮರೆತಿರುತ್ತೀ ಎಂದು ಶುರುವಾಗುತ್ತದೆ. 88ನೆಯದು ಓದಿದ್ದೀರಾ? ಬಹುತೇಕ ದುಃಖದ ಕೀರ್ತನೆಗಳು ಕೊನೆಗೆ ಬರುವಷ್ಟರಲ್ಲಿ ಸ್ತುತಿಗೆ ತಿರುಗಿಬಿಡುತ್ತವೆ. ಇದು ತಿರುಗುವುದೇ ಇಲ್ಲ. ಗೆಳೆಯರನ್ನೂ ನನ್ನಿಂದ ದೂರ ಮಾಡಿದ್ದೀ, ಈಗ ಕತ್ತಲೆಯೇ ನನ್ನ ಪರಿಚಯಸ್ಥ ಎಂದು ನಿಂತುಬಿಡುತ್ತದೆ. ಅದರ ಮೇಲಿರುವ ತಲೆಬರಹ ನೋಡಿ: ಪ್ರಧಾನಗಾಯಕನಿಗೆ ಸೇರಿದ್ದು, ಕೋರಹೀಯರದ್ದು. ಕೋರಹೀಯರೆಂದರೆ ದೇವಾಲಯದಲ್ಲಿ ಹಾಡುತ್ತಿದ್ದ ಮನೆತನದವರು. ಎಂದರೆ ದೇವಾಲಯದ ಕ್ವಾಯರ್‌ಗಾಗಿ ಇಟ್ಟ ಹಾಡು ಅದು. ಯಾರೋ ಒಬ್ಬರು ಕೋಣೆ ಬಾಗಿಲು ಹಾಕಿಕೊಂಡು ಬರೆದಿಟ್ಟ ಡೈರಿ ಅಲ್ಲ. ಸಭೆಯಾಗಿ ಸೇರಿ ಹಾಡಲಿಕ್ಕೆ ಅಂತಲೇ ಉಳಿಸಿಕೊಂಡರು.

ನಮ್ಮ ಸಭೆಗಳಲ್ಲಿ ಇಂಥವನ್ನು ಹಾಡುವುದು ಶುಭ ಶುಕ್ರವಾರ ಒಂದೇ ದಿನ. ಉಳಿದ ವಾರವೆಲ್ಲ ಜಯ, ಆನಂದ, ಚಪ್ಪಾಳೆ. ಇದು ನನಗೆ ಸರಿ ಕಾಣುವುದಿಲ್ಲ. ಯಾವುದೇ ಭಾನುವಾರ ಎದುರಿಗೆ ಕೂತವರಲ್ಲಿ ಕೆಲಸ ಹೋದವರು, ಆಸ್ಪತ್ರೆಯ ರಿಪೋರ್ಟ್ ಕೈಗೆ ಬಂದವರು, ಮಾತು ಬಿಟ್ಟ ಗಂಡ ಹೆಂಡತಿ ಇದ್ದೇ ಇರುತ್ತಾರೆ. ಅವರಿಗೂ ಬಾಯಿಗೆ ಹೊಂದುವ ಒಂದು ಹಾಡು ಬೇಕು. ನಿಮಗೆ ಆ ಹಾಡನ್ನು ಆರಿಸಲು ಬರುತ್ತದೆ. ಚೆನ್ನಾಗಿಯೇ ಬರುತ್ತದೆ ಅಂದುಕೊಳ್ಳುತ್ತೇನೆ.

ಹಾಡು ಆರಿಸುವಾಗ ನಾನು ನೋಡುವ ಒಂದು ವಿಷಯ ಹೇಳುತ್ತೇನೆ. ಹಾಡಿನಲ್ಲಿ ‘ನಾನು’ ಎಷ್ಟು ಸಲ ಬರುತ್ತದೆ, ‘ನೀನು’ ಎಷ್ಟು ಸಲ ಬರುತ್ತದೆ? ನಾನು ಕುಣಿಯುವೆ, ನಾನು ಹಿಗ್ಗುವೆ ಎಂದು ಉದ್ದಕ್ಕೂ ಸಾಗುವ ಹಾಡು ನಿಮ್ಮಂಥ ವಾರದಲ್ಲಿ ಗಂಟಲಿನಿಂದ ಹೊರಡುವುದಿಲ್ಲ. ದೇವರು ಏನು ಮಾಡಿದನು, ಎಂಥವನು ಎಂದು ಹೇಳುವ ಹಾಡು ಹೊರಡುತ್ತದೆ. 23ನೇ ಕೀರ್ತನೆಯನ್ನೇ ತೆಗೆದುಕೊಳ್ಳಿ. ‘ಯೆಹೋವನು ನನಗೆ ಕುರುಬನು’ ಅನ್ನುವುದಕ್ಕೆ ನೀವು ಉತ್ಸಾಹದಲ್ಲಿರಬೇಕಿಲ್ಲ. ಕುರುಬನ ಕೆಲಸ ಕುರುಬನು ಮಾಡುತ್ತಾನೆ.

ಈಗ ಶ್ರುತಿ. ನನ್ನ ಪ್ರಕಾರ ಅರ್ಧ ಜಗಳ ಇಲ್ಲೇ ಇದೆ, ಹಳೇದು ಹೊಸದು ಅಂತ ಸುಮ್ನೆ ಕಿತ್ತಾಡುತ್ತೇವೆ. ಯೂಟ್ಯೂಬಿನಲ್ಲಿ ಕೇಳಿದ ಹಾಡನ್ನು ಅದೇ ಶ್ರುತಿಯಲ್ಲಿ ಎತ್ತಿಕೊಳ್ಳುತ್ತಾರೆ. ಹಾಡಿದವರು ತರಬೇತಿಯಾದ ಗಾಯಕರು, ಮೇಲಿನ ಸ್ವರ ಅವರಿಗೆ ಲೀಲಾಜಾಲ. ನಮ್ಮ ಸಭೆಗೆ ಅದು ಏಣಿ ಇಟ್ಟರೂ ಸಿಗುವುದಿಲ್ಲ. ಪಲ್ಲವಿ ಮೇಲಕ್ಕೆ ಹೋದಾಗ ಮೂರನೇ ಸಾಲಿನ ಅಜ್ಜಿಯ ತುಟಿ ನೋಡಿ. ಮುಚ್ಚಿಕೊಂಡಿತು ಎಂದರೆ ಶ್ರುತಿ ಜಾಸ್ತಿಯಾಯಿತು ಅಂತಲೇ ಅರ್ಥ. ನಾನು ಸಭೆಯನ್ನು ಮೇಲಿನ ಡಿ ಸ್ವರದಿಂದ ಆಚೆಗೆ ಕರೆದೊಯ್ಯುವುದಿಲ್ಲ. ಕೀಬೋರ್ಡಿನಲ್ಲಿ ಶ್ರುತಿ ಏರಿಸಿ ಇಳಿಸುವ ಟ್ರಾನ್ಸ್‌ಪೋಸ್ ಬಟನ್ ಇರುವುದೇ ಅದಕ್ಕೆ. ಶ್ರುತಿಯನ್ನು ಒಂದೂವರೆ, ಎರಡು ಮನೆ ಇಳಿಸಿ. ನಿಮ್ಮ ಗಂಟಲಿಗೆ ತಗ್ಗಾಯಿತು, ಮಿಂಚಲಿಕ್ಕಾಗುವುದಿಲ್ಲ ಅನಿಸಬಹುದು. ಅನಿಸಲಿ.

ಕೊನೇ ಚರಣಕ್ಕೆ ಡ್ರಮ್ಸ್, ಗಿಟಾರ್ ಎಲ್ಲ ನಿಲ್ಲಿಸಿಬಿಡಿ. ಮೈಕಿನಿಂದ ಒಂದು ಹೆಜ್ಜೆ ಹಿಂದೆ ಸರಿಯಿರಿ. ಬಾಸೆಲ್ ಮಿಶನ್ ಹಿನ್ನೆಲೆಯ ಸಭೆಯಾದರೆ ಯಾವುದೋ ಮೂಲೆಯಿಂದ ಹೆಂಗಸರ ತಗ್ಗಿನ ಸ್ವರವಾದ ಆಲ್ಟೋ, ಇನ್ನೊಂದು ಕಡೆಯಿಂದ ಗಂಡಸರ ಮೇಲಿನ ಸ್ವರವಾದ ಟೆನರ್ ತಾನಾಗಿ ಏಳುತ್ತದೆ. ಚಿಕ್ಕಂದಿನಲ್ಲಿ ಕಲಿತದ್ದು ಹಿರಿಯರಿಗೆ ಮರೆತಿರುವುದಿಲ್ಲ. ನಿಮ್ಮ ಸ್ವರ ನಡುಗಿದರೂ ಆಗ ಹಾಡು ನಿಲ್ಲುವುದಿಲ್ಲ. ನಿಮಗೆ ಬರದ ಸಾಲನ್ನು ಅವರು ಹಾಡಿ ಮುಗಿಸುತ್ತಾರೆ. ಸಭೆ ಇರುವುದೇ ಅದಕ್ಕೆ ತಾನೇ?

ಹಳೇದೋ ಹೊಸದೋ ಅನ್ನುವುದಕ್ಕೆ ನನ್ನ ಹತ್ತಿರ ದೊಡ್ಡ ಉತ್ತರ ಇಲ್ಲ. ನಮ್ಮ ಹಳೇ ಹಾಡುಗಳೂ ಒಂದು ಕಾಲಕ್ಕೆ ಹೊಸವೇ. ಬಾಸೆಲ್ ಮಿಶನ್‌ನವರು ಮಂಗಳೂರಿಗೆ ಬಂದದ್ದು 1834ರಲ್ಲಿ. ಜರ್ಮನ್ ರಾಗಗಳಿಗೆ ಕನ್ನಡದ ಮಾತು ಕೂರಿಸಿದ ಹಾಡುಗಳು ಅವರ ಕಾಲದಿಂದ ಬಂದವು. ಅವರಲ್ಲೇ ಕೆಲವರು ಇಲ್ಲಿನ ಹಾಡಿಗೂ ಕಿವಿ ಕೊಟ್ಟಿದ್ದರು. ಹರ್ಮನ್ ಮೋಗ್ಲಿಂಗ್ 1850ರಲ್ಲಿ ದಾಸರ ಪದಗಳನ್ನು ಅಚ್ಚು ಹಾಕಿಸಿದರು. ನಿಘಂಟಿನ ಕಿಟ್ಟೆಲ್ ಅವರು 1862ರಲ್ಲಿ ಕ್ರಿಸ್ತನ ಕಥೆಯನ್ನು ನಮ್ಮ ಛಂದಸ್ಸಿನಲ್ಲಿ ಹೇಳಲು ‘ಕಥಾಮಾಲೆ’ ಬರೆದರು. ಮುಂದೆ 1875ರಲ್ಲಿ ಛಂದಸ್ಸಿನ ಹಳೇ ಗ್ರಂಥವಾದ ನಾಗವರ್ಮನ ‘ಛಂದೋಂಬುಧಿ’ಯನ್ನೂ ಸಂಪಾದಿಸಿದರು. ಅವರು ಇವತ್ತಿನ ಕೆಲವು ಅನುವಾದದ ಹಾಡು ಕೇಳಿದ್ದರೆ ಪೆನ್ನು ಕೆಳಗಿಡುತ್ತಿದ್ದರೇನೋ! ‘ದೇವರು’ ಎಂದು ಸಲೀಸಾಗಿ ಹೇಳುವ ಮಾತನ್ನು ರಾಗಕ್ಕಾಗಿ ‘ದೇವಾರೂ’ ಎಂದು ಎಳೆಯುತ್ತಾರೆ. ಹಳೇದಿರಲಿ ಹೊಸದಿರಲಿ, ಆರಿಸಿದ ಹಾಡನ್ನು ರಾಗ ಬಿಟ್ಟು ಒಮ್ಮೆ ಗಟ್ಟಿಯಾಗಿ ಓದಿ. ಮಾತಾಗಿ ಓದಿದಾಗ ಅರ್ಥವಾಗದ ಹಾಡು ಪಲ್ಲವಿ ಎಷ್ಟು ಸಲ ತಿರುಗಿಸಿದರೂ ಅರ್ಥವಾಗುವುದಿಲ್ಲ. ಆತ್ಮದಿಂದಲೂ ಹಾಡುವೆನು, ಬುದ್ಧಿಯಿಂದಲೂ ಹಾಡುವೆನು ಎಂಬ ಅರ್ಥದ ಮಾತನ್ನು ಪೌಲನು ಕೊರಿಂಥದವರಿಗೆ ಬರೆದದ್ದು ಇದಕ್ಕೇ.

ಒಂದು ಮಾತು ಮಾತ್ರ ತಪ್ಪಿಸಬೇಡಿ. ಒಪ್ಪಿಕೊಳ್ಳುವ ಮೊದಲು ನಿಮ್ಮ ಪಾಸ್ಟರ್ ಹತ್ತಿರ ಕೂತು, ಇಲ್ಲಿ ನನಗೆ ಬರೆದದ್ದನ್ನೇ ಅವರಿಗೂ ಹೇಳಿ. ಅಪ್ಪನ ನೆನಪಾಗಿ ಗಂಟಲು ಕಟ್ಟುವ ವಾರ ಬರುತ್ತದೆ. ಆವತ್ತು ಹಾಡು ಕೈಗೆತ್ತಿಕೊಳ್ಳಲು ಇನ್ನೊಬ್ಬರು ಪಕ್ಕದಲ್ಲಿರಲಿ. ದೇವರನ್ನು ಇನ್ನು ಬೇಡವೇ ಬೇಡ ಎಂದು ಮನಸ್ಸು ನಿಜವಾಗಿ ತೀರ್ಮಾನಿಸಿದ್ದರೆ ಮಾತು ಬೇರೆ, ಆಗ ನಿಲ್ಲಬೇಡಿ. ಆದರೆ ಪ್ರಶ್ನೆ ಕೇಳಿದ ರೀತಿ ನೋಡಿದರೆ ನೀವು ಇನ್ನೂ ಜಗಳದಲ್ಲೇ ಇದ್ದೀರಿ. ಕೀರ್ತನೆ ಬರೆದವರೂ ಅಲ್ಲೇ ಇದ್ದರು.

ಮೊದಲ ಭಾನುವಾರಕ್ಕೆ ಮೂರೇ ಹಾಡು ಸಾಕು. ಶುರುವಿಗೆ ಎಲ್ಲರಿಗೂ ಬಾಯಿಪಾಠ ಇರುವ ಒಂದು. ಪ್ರಸಂಗಕ್ಕೆ ಮುಂಚೆ 13ನೇ ಕೀರ್ತನೆಯನ್ನು ಓದಿಸಿ, ಅದಕ್ಕೆ ಹೊಂದುವ ಒಂದು ನಿಧಾನದ ಹಾಡು. ಕಾಣಿಕೆಯ ಹೊತ್ತಿಗೆ 23ನೇ ಕೀರ್ತನೆ, ನಿಮ್ಮ ಸಭೆಗೆ ಗೊತ್ತಿರುವ ಯಾವ ರಾಗದಲ್ಲಾದರೂ ಸರಿ. ಶನಿವಾರ ಸಂಜೆ ಪ್ರಾಕ್ಟೀಸಿಗೆ ಕೀಬೋರ್ಡಿನವರನ್ನು ಅರ್ಧ ಗಂಟೆ ಮುಂಚೆ ಬರಹೇಳಿ, ಶ್ರುತಿ ಇಳಿಸುವ ಜಗಳ ಅಲ್ಲೇ ಮುಗಿಯಲಿ.