ಕಟ್‌ಆಫ್ ಬದಲಿಸಿದರೆ ಸಂಭವನೀಯತೆ ಯಾಕೆ ಬದಲಾಗುತ್ತಿದೆ?

ನಿಮ್ಮ ಕೋಡ್ ಬಹುಶಃ ಸರಿಯಾಗಿಯೇ ಇದೆ. ಎಣಿಕೆಯನ್ನು ಎಲ್ಲಿ ನಿಲ್ಲಿಸಬೇಕು ಅನ್ನುವ ಕಟ್‌ಆಫ್‌ಗೆ ಬಳಸುವ ಸಮಯದ ಅಳತೆ ಬದಲಿಸಿದ ಕೂಡಲೇ ಎರಡು ಬಗೆಯ ಪಾಕೆಟ್ ವಿಶ್ವಗಳ (ಹಿಗ್ಗುತ್ತಿರುವ ಆಕಾಶದೊಳಗೆ ಗುಳ್ಳೆಗಳಂತೆ ಹುಟ್ಟುವ ವಿಶ್ವಗಳ) ಅನುಪಾತ ಬದಲಾಗುತ್ತಿದೆ ಅಂದಿರಿ. ಇದು ಮೆಷರ್ ಸಮಸ್ಯೆ, ಅಂದರೆ ಅನಂತ ವಿಶ್ವಗಳಿರುವಾಗ ಸಂಭವನೀಯತೆಯನ್ನು ಯಾವ ನಿಯಮದಿಂದ ಲೆಕ್ಕ ಹಾಕಬೇಕು ಅನ್ನುವ ಪ್ರಶ್ನೆ. ಕೊನೆಯಿಲ್ಲದ ಇನ್‌ಫ್ಲೇಶನ್‌ನಲ್ಲಿ (ಆಕಾಶ ಅತಿ ವೇಗವಾಗಿ ಹಿಗ್ಗುತ್ತಲೇ ಇರುವಾಗ) ಎರಡೂ ಬಗೆ ಅನಂತ, ಹಾಗಾಗಿ ಎಣಿಸುವ ಕ್ರಮವೇ ಉತ್ತರ ಹೇಳುತ್ತದೆ. 1, 2, 3 ಅಂತ ಹೋದರೆ 10ರ ಗುಣಕಗಳು ಹತ್ತರಲ್ಲಿ ಒಂದು. ಅದೇ ಸಂಖ್ಯೆಗಳನ್ನು 10, 1, 20, 2, 30, 3 ಅಂತ ಜೋಡಿಸಿದರೆ ಅರ್ಧಕ್ಕರ್ಧ!

ಮೊದಲು ಪ್ರಾಪರ್ ಟೈಮ್ ಕಟ್‌ಆಫ್ (ಜೊತೆಗೇ ಸಾಗುವ ಗಡಿಯಾರದ ಸಮಯ ನೋಡಿ ಎಣಿಕೆ ನಿಲ್ಲಿಸುವುದು) ಬಿಡಿ. ಅದರಲ್ಲಿ ಅತಿ ವೇಗವಾಗಿ ಹಿಗ್ಗುವ ನಿರ್ವಾತ (ಖಾಲಿ ಆಕಾಶದ ಒಂದು ಶಕ್ತಿಸ್ಥಿತಿ) ಉಳಿದೆಲ್ಲವನ್ನೂ ನುಂಗುತ್ತದೆ. ಆಗಷ್ಟೇ ಹುಟ್ಟಿದ ವಿಶ್ವಗಳು ಎಷ್ಟು ಜಾಸ್ತಿ ಅಂದರೆ, 1380 ಕೋಟಿ ವರ್ಷದ ನಮ್ಮಂಥದ್ದು ಲೆಕ್ಕಕ್ಕೇ ಬರುವುದಿಲ್ಲ.

ಆಮೇಲೆ ರೇಟ್ ಸಮೀಕರಣವನ್ನು (ಒಂದು ನಿರ್ವಾತ ಇನ್ನೊಂದಾಗಿ ಬದಲಾಗುವ ದರದ ಲೆಕ್ಕ) ಸ್ಕೇಲ್ ಫ್ಯಾಕ್ಟರ್ ಸಮಯದಲ್ಲಿ, ಅಂದರೆ ಇ-ಫೋಲ್ಡ್‌ಗಳಲ್ಲಿ (ಆಕಾಶ ಸುಮಾರು 2.718 ಪಟ್ಟು ಹಿಗ್ಗುವುದು ಒಂದು ಇ-ಫೋಲ್ಡ್) ಬರೆಯಿರಿ. ಹಿಗ್ಗುವ ದರ ಆಗ ಎಲ್ಲ ನಿರ್ವಾತಗಳಿಗೂ ಒಂದೇ. ಆರಂಭದ ಸ್ಥಿತಿ ಬದಲಿಸಿ ಮತ್ತೆ ಓಡಿಸಿ. ನಿರ್ವಾತಗಳ ನಡುವೆ ಹೋಗಿಬರುವ ದಾರಿ ಇದ್ದರೆ ಕೊನೆಯ ಅನುಪಾತ ಅಲುಗಬಾರದು. ಅಲುಗಿದರೆ ಮಾತ್ರ ಕೋಡ್ ಮೇಲೆ ಅನುಮಾನ ಪಡಿ.

ಬೋಲ್ಟ್ಸ್‌ಮನ್ ಮೆದುಳುಗಳನ್ನೂ (ಖಾಲಿ ಆಕಾಶದಲ್ಲಿ ಆಕಸ್ಮಿಕ ಏರಿಳಿತದಿಂದ ಮೂಡುವ ವೀಕ್ಷಕರು) ನೋಡಿ. ಅವು ಹುಟ್ಟುವುದಕ್ಕಿಂತ ಬೇಗ ನಿರ್ವಾತ ಕರಗದಿದ್ದರೆ ಈ ಮೆಷರ್ ಕೂಡ ಕೈಕೊಡುತ್ತದೆ.

ಸರಿಯಾದ ಮೆಷರ್ ಯಾವುದು ಅನ್ನುವುದು ಇನ್ನೂ ತೀರ್ಮಾನವಾಗಿಲ್ಲ. ಕಾಸಲ್ ಪ್ಯಾಚ್‌ನಂಥ (ಒಬ್ಬ ವೀಕ್ಷಕನೊಂದಿಗೆ ಸಂಪರ್ಕ ಸಾಧ್ಯವಿರುವ ಭಾಗವನ್ನಷ್ಟೇ ಎಣಿಸುವುದು) ಬೇರೆ ದಾರಿಗಳೂ ಇವೆ, ಉತ್ತರವೂ ಬೇರೆ. ಹಾಗಾಗಿ ಜ್ಞಾನಭಾರತಿಯ ಸೆಮಿನಾರ್‌ನಲ್ಲಿ ಸುಮ್ನೆ ಒಂದೇ ಅಂಕಿ ತೋರಿಸಬೇಡಿ, ಪಕ್ಕದಲ್ಲಿ ಮೆಷರ್ ಹೆಸರನ್ನೂ ಬರೆಯಿರಿ.